ನರ್ಸರಿಯ ವಾರ್ಷಿಕ ಯೋಜನೆ ಮತ್ತು ತಪಾಸಣೆ: ಪ್ರಶ್ನೋತ್ತರ

ಪ್ರಶ್ನೆ (ಬಾಗಲಕೋಟೆ ನವನಗರದ ಶಿಕ್ಷಕಿ):

ಅಕ್ಕನವರಿಗೆ ನಮಸ್ಕಾರ. ಎರಡು ವರ್ಷದಿಂದ ಮನೆಯ ಕೆಳಮಹಡಿಯಲ್ಲಿ ನರ್ಸರಿ ನಡೆಸುತ್ತಿದ್ದೇನೆ. ಮೂರರಿಂದ ಐದು ವರ್ಷದ 34 ಮಕ್ಕಳಿದ್ದಾರೆ. ನಾನು, ಇನ್ನೊಬ್ಬ ಶಿಕ್ಷಕಿ, ಒಬ್ಬ ಆಯಾ, ಇಷ್ಟೇ ಜನ. ಮುಂದಿನ ತಿಂಗಳು ತಪಾಸಣೆಗೆ ಬರುತ್ತಾರೆಂದು ತಿಳಿದಿದೆ, ವಾರ್ಷಿಕ ಯೋಜನೆ ತೋರಿಸಬೇಕಂತೆ. ಅಂತರ್ಜಾಲದಲ್ಲಿ ಸಿಕ್ಕ ಒಂದನ್ನು ಇಳಿಸಿಕೊಂಡಿದ್ದೇನೆ: ಜೂನ್ ಹಣ್ಣುಗಳು, ಜುಲೈ ಪ್ರಾಣಿಗಳು, ಆಗಸ್ಟ್ ವಾಹನಗಳು, ಹೀಗೆ ಮಾರ್ಚ್‌ವರೆಗೆ. ಚಿತ್ರ ಅಂಟಿಸಿ ಚಂದದ ಕಡತ ಮಾಡಿದ್ದೇನೆ. ಇಷ್ಟು ಸಾಕೇ? ಪಾಲಕರು ಬೇರೆ, ಎಬಿಸಿಡಿ ಬರೆಸಿ, ನೂರರವರೆಗೆ ಅಂಕಿ ಬರೆಸಿ ಎಂದು ಗಂಟು ಬಿದ್ದಿದ್ದಾರೆ.

ಉತ್ತರ (ಬೆಳಗಾವಿಯ ಪೂರ್ವ ಪ್ರಾಥಮಿಕ ತರಬೇತುದಾರರು):

ತಂಗಿ, ಕಡತ ಚಂದವೇ ಇರಬಹುದು, ಆದರೆ ಅದರಲ್ಲಿರುವುದು ಪಠ್ಯಕ್ರಮವಲ್ಲ, ತಿಂಗಳುಗಳ ಪಟ್ಟಿ. ಹಣ್ಣಿನ ತಿಂಗಳು ಮುಗಿದಾಗ ಮಗುವಿಗೆ ಹೊಸದಾಗಿ ಏನು ಬಂದಿರಬೇಕು? ಮಾವಿನ ಚಿತ್ರಕ್ಕೆ ಗೆರೆ ದಾಟದಂತೆ ಹಳದಿ ತುಂಬುವುದು ಎನ್ನುವಿರಾದರೆ, ಬಂದವರು ಕಡತ ಮುಚ್ಚಿ ಚಹಾ ಕುಡಿದು ಹೋಗುತ್ತಾರೆ. ತಿಳಿದವರು ಬಂದರೆ ಮೂರು ಮಾತು ಕೇಳುತ್ತಾರೆ. ಇದನ್ನು ಏಕೆ ಮಾಡಿಸುತ್ತಿದ್ದೀರಿ? ಈ ಮಗುವಿಗೆ ಈಗಲೇ ಏಕೆ? ಇದಾದ ಮೇಲೆ ಏನು? ಈ ಮೂರಕ್ಕೂ ನೀವು ಕಡತ ನೋಡದೆ ಉತ್ತರ ಕೊಡಬಲ್ಲಿರಾದರೆ ಯೋಜನೆ ಇದೆ ಎಂದರ್ಥ.

ಆಧಾರಕ್ಕೆ 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ಹಿಡಿಯಿರಿ. ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಅದು ಒಂದೇ ಹಂತವೆಂದು ನೋಡುತ್ತದೆ. ಎಂದರೆ ನಿಮ್ಮ ನರ್ಸರಿ ಮತ್ತು ಒಂದು, ಎರಡನೇ ತರಗತಿಗಳು ಒಂದೇ ಸರಪಳಿ. ದೇಹದ ಬೆಳವಣಿಗೆ, ಭಾವನೆ ಮತ್ತು ಒಡನಾಟ, ಬುದ್ಧಿ, ಭಾಷೆ, ಕಲೆ, ಒಳ್ಳೆಯ ಕಲಿಕೆಯ ಅಭ್ಯಾಸಗಳು, ಇವುಗಳಡಿ 13 ಗುರಿಗಳಿವೆ. ಹದಿಮೂರನ್ನೂ ಬಣ್ಣದ ಅಕ್ಷರದಲ್ಲಿ ಗೋಡೆಗೆ ಹಚ್ಚಬೇಡಿ, ಅದನ್ನು ಮಕ್ಕಳು ಓದುವುದಿಲ್ಲ, ಬಂದವರೂ ಓದುವುದಿಲ್ಲ. ಮಾರ್ಚ್‌ನಿಂದ ಹಿಂದಕ್ಕೆ ಬನ್ನಿ. ನಾಲ್ಕು ವರ್ಷದ ಮಗು ಮಾರ್ಚ್ ವೇಳೆಗೆ ನಡೆದದ್ದನ್ನು ಮೂರು ನಾಲ್ಕು ವಾಕ್ಯದಲ್ಲಿ ಹೇಳಬೇಕು, ತನ್ನ ಸರದಿಗೆ ಕಾಯಬೇಕು, ಐದಾರು ವಸ್ತುಗಳನ್ನು ಮುಟ್ಟಿ ಎಣಿಸಿ ಒಟ್ಟು ಎಷ್ಟು ಎನ್ನಬೇಕು, ಚಪ್ಪಲಿ ತಾನೇ ಹಾಕಿಕೊಳ್ಳಬೇಕು. ಇಂಥ ಹದಿನೈದು ಇಪ್ಪತ್ತು ಸಾಲುಗಳನ್ನು ನಿಮ್ಮ ಮಾತಿನಲ್ಲೇ ಬರೆದು, ಡಿಸೆಂಬರ್‌ಗೆ ಎಷ್ಟು, ಸೆಪ್ಟೆಂಬರ್‌ಗೆ ಎಷ್ಟು ಎಂದು ಮೆಟ್ಟಿಲು ಕಟ್ಟಿ.

ವಿಷಯಗಳಿಗೆ ಇಳಿಸಿಕೊಂಡ ಪಟ್ಟಿ ಏಕೆ ಬೇಕು? ಶಾಲೆ ಶುರುವಾದ ಕೆಲವೇ ವಾರಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಆ ಎರಡು ವಾರ ಪೆನ್ಸಿಲ್ ಒಳಗಿಡಿ. ಎರೆಮಣ್ಣು ತರಿಸಿ, ಕಲ್ಲು ಆರಿಸಲು, ನೀರು ಹಾಕಿ ನಾದಲು ಮಕ್ಕಳಿಗೇ ಬಿಡಿ. ಉಂಡೆ ಕಟ್ಟಲು ಇಡೀ ಅಂಗೈ, ಕಾಲು ಹೊಸೆಯಲು ಬೆರಳುಗಳು, ಕೋಡು ಚಿವುಟಲು ಹೆಬ್ಬೆರಳು ಮತ್ತು ತೋರುಬೆರಳು. ಮುಂದೆ ಪೆನ್ಸಿಲ್ ಹಿಡಿಯುವುದು ಅದೇ ಎರಡು ಬೆರಳು. ಕಾಲು ನಾಲ್ಕು, ಕೋಡು ಎರಡು ಎಂಬಲ್ಲಿ ಎಣಿಕೆ ಬಂತು. ಜೋಡೆತ್ತಿನಲ್ಲಿ ದೊಡ್ಡದು ಯಾವುದು, ಸಣ್ಣದು ಯಾವುದು ಎಂಬಲ್ಲಿ ಹೋಲಿಕೆ ಬಂತು. ಮನೆಯಲ್ಲಿ ಎತ್ತು ಇರುವ ಮಗು ಅದರ ಹೆಸರು ಹೇಳುತ್ತದೆ, ಇಲ್ಲದ ಮಗು ಕೇಳುತ್ತದೆ. ಇಷ್ಟನ್ನು ಅರ್ಧ ಪುಟದಲ್ಲಿ ಬರೆದಿಟ್ಟರೆ ಆ ಎರಡು ವಾರದ ಯೋಜನೆ ಮುಗಿಯಿತು. ಆಮೇಲೆ ಪಂಚಮಿಯ ಜೋಕಾಲಿ ಇದೆ, ಎಳ್ಳ ಅಮಾವಾಸ್ಯೆಯ ಹೊಲದ ಊಟ ಇದೆ. ಗುಳೇದಗುಡ್ಡದ ಖಣ, ಅದೇ ಹೂವಿನ ನೇಯ್ಗೆಯ ರವಿಕೆ ಬಟ್ಟೆ, ನಿಮಗೆ ಎಷ್ಟು ದೂರ? ನಾಲ್ಕು ತುಂಡು ತಂದು ಮುಂದಿಟ್ಟು, ಈ ಹೂವಾದ ಮೇಲೆ ಯಾವುದು ಬಂತು, ಮತ್ತೆ ಯಾವುದು ಬರುತ್ತದೆ ಎಂದು ಕೇಳಿ. ವಿನ್ಯಾಸ ಗುರುತಿಸುವ ಗಣಿತಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ನಾನು ಕಂಡಿಲ್ಲ.

ಪ್ರಶ್ನೆ (ಅದೇ ಶಿಕ್ಷಕಿ):

ಮಾಡಿಸುವುದೇನೋ ಮಾಡಿಸುತ್ತೇನೆ ಅಕ್ಕ. ಆದರೆ ಕಲಿತಿದ್ದಾರೆ ಎಂದು ತೋರಿಸುವುದು ಹೇಗೆ? ಪರೀಕ್ಷೆ ಇಲ್ಲದೆ ಅಂಕ ಎಲ್ಲಿಂದ ತರಲಿ?

ಉತ್ತರ:

ಅಂಕ ತರಲೇಬೇಡಿ. ಈ ವಯಸ್ಸಿಗೆ ಬರವಣಿಗೆಯ ಪರೀಕ್ಷೆಯೂ ಬೇಡ, ಬಾಯಿಮಾತಿನ ಪರೀಕ್ಷೆಯೂ ಬೇಡ ಎಂದು ಎನ್‌ಸಿಇಆರ್‌ಟಿಯ 2019ರ ಶಾಲಾಪೂರ್ವ ಪಠ್ಯಕ್ರಮ ಸ್ಪಷ್ಟವಾಗಿ ಹೇಳಿದೆ. ಆರು ವರ್ಷದೊಳಗೆ ನಿಗದಿತ ಪಠ್ಯಪುಸ್ತಕವೂ ಬೇಡ ಎನ್ನುತ್ತದೆ 2022ರ ಚೌಕಟ್ಟು. ಪಾಲಕರಿಗೂ ಇದನ್ನೇ ಹೇಳಿ. ಬರೀ ಹೇಳಿದರೆ ಕೇಳುವವರಲ್ಲ, ಒಂದು ಬೆಳಿಗ್ಗೆ ಅವರನ್ನು ಕರೆದು ಮಕ್ಕಳ ಜೊತೆ ಮಣ್ಣು ನಾದಲು ಕೂರಿಸಿ.

ದಾಖಲೆ ಎಂದರೆ ಹೀಗಿರಲಿ. ಕಳೆದ ವರ್ಷ ನಾನು ಹೋಗಿದ್ದ ಒಂದು ಬಾಲವಾಡಿಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಕಾಲೇ ಇಲ್ಲದ ಎತ್ತು ಮಾಡಿ ಮಣೆಯ ಮೇಲಿಟ್ಟಿದ್ದಳು. ಕಾಲೆಲ್ಲಿ ಎಂದು ಶಿಕ್ಷಕಿ ಕೇಳಿದರು. "ಉಂಡು ಮಲಗಿದೆ, ಕಾಲು ಹೊಟ್ಟೆಯ ಕೆಳಗಿವೆ" ಎಂದಳು. ಎಷ್ಟು ಕಾಲು ಎಂದದ್ದಕ್ಕೆ ಬೆರಳು ಮಡಚಿ ನೋಡಿಕೊಂಡು, ನಾಲ್ಕು ಎಂದಳು. ಶಿಕ್ಷಕಿ ತಕ್ಷಣ ಚೀಟಿಯಲ್ಲಿ ದಿನಾಂಕ ಹಾಕಿ ಆ ಮಾತನ್ನು ಹಾಗೆಯೇ ಬರೆದುಕೊಂಡರು. ಕೆಳಗೆ, "ಕಾಣದ ವಸ್ತುವನ್ನು ಮನಸ್ಸಿನಲ್ಲಿ ಎಣಿಸುತ್ತಾಳೆ, ಮುಂದಿನ ವಾರ ಬೋಗುಣಿಯಡಿ ಬೀಜ ಮುಚ್ಚಿ ಎಣಿಸುವ ಆಟ" ಎಂದು ಒಂದು ಸಾಲು. ಚೀಟಿ ಆ ಮಗುವಿನ ಕೃತಿಸಂಪುಟಕ್ಕೆ, ಎಂದರೆ ಅದರ ಕೆಲಸಗಳನ್ನು ಕೂಡಿಡುವ ಕಡತಕ್ಕೆ, ಹೋಯಿತು. ನಾನು ತಪಾಸಣೆಗೆ ಬಂದವಳಾಗಿದ್ದರೆ ಆ ಚೀಟಿ ಒಂದಕ್ಕೇ ಪೂರ್ಣ ಅಂಕ ಕೊಡುತ್ತಿದ್ದೆ (ಅಂಕ ಬೇಡ ಎಂದು ಈಗಷ್ಟೇ ಹೇಳಿದವಳು ನಾನೇ, ಇರಲಿ). ದಿನಕ್ಕೆ ಮೂರು ಮಕ್ಕಳನ್ನು ನೋಡಿ ಬರೆದರೂ ನಿಮ್ಮ 34 ಮಕ್ಕಳ ಸುತ್ತು ಎರಡು ವಾರದಲ್ಲಿ ಮುಗಿಯುತ್ತದೆ. ಎಲ್ಲರಿಗೂ ಒಂದೇ ದಿನ "ಉತ್ತಮ" ಎಂದು ಬರೆದರೆ ಮಾತ್ರ ಸಿಕ್ಕಿಬೀಳುತ್ತೀರಿ, ಶಾಯಿಯೇ ಹೇಳಿಬಿಡುತ್ತದೆ.

ಪ್ರಶ್ನೆ (ವಿಜಯಪುರದ ಶಿಕ್ಷಕರು):

ಮೇಡಂ, ನಮ್ಮಲ್ಲಿ ಅರ್ಧ ಮಕ್ಕಳ ಮನೆಮಾತು ಉರ್ದು, ಕೆಲವರದು ಲಂಬಾಣಿ. ಫಲಕದಲ್ಲಿ ಇಂಗ್ಲಿಷ್ ಮಾಧ್ಯಮ ಎಂದಿದೆ. ಯೋಜನೆಯಲ್ಲಿ ಯಾವ ಭಾಷೆ ತೋರಿಸುವುದು?

ಉತ್ತರ:

ಸರ್, ನಡೆಯುವುದನ್ನೇ ತೋರಿಸಿ. ಮೊದಲ ವರ್ಷಗಳ ಕಲಿಕೆ ಮನೆಮಾತಿನಲ್ಲಿ ಆಗಲಿ ಎಂಬುದು ಚೌಕಟ್ಟಿನ ನಿಲುವು. ನೀರು, ನೋವು, ಹಸಿವು, ಶೌಚ, ಅಮ್ಮ, ಈ ಮಾತುಗಳಾದರೂ ಕನ್ನಡ, ಉರ್ದು, ಲಂಬಾಣಿ ಮೂರೂ ಭಾಷೆಯಲ್ಲಿ ನಿಮ್ಮ ಶಿಕ್ಷಕಿಯರಿಗೆ ಬರಲಿ. ತಾಯಂದಿರನ್ನು ಕರೆಸಿ ವಾರಕ್ಕೊಂದು ಕಥೆ ಅವರ ಮಾತಿನಲ್ಲೇ ಹೇಳಿಸಿ. ಇಂಗ್ಲಿಷನ್ನು ಹಾಡು, ಆಟದಲ್ಲಿ ಕಿವಿಗೆ ಹಾಕಿ, ಅಷ್ಟು ಸಾಕು.

ಪ್ರಶ್ನೆ (ಬೆಳಗಾವಿ ಟಿಳಕವಾಡಿಯ ಪಾಲಕರು):

ನನ್ನ ಮಗಳು ಇಂಗ್ಲೆಂಡಿನಲ್ಲಿ ನರ್ಸರಿಯ ಕೆಲಸಕ್ಕೆ ಸೇರಿದ್ದಾಳೆ. ಅಲ್ಲಿ ಶಾಲೆ, ನರ್ಸರಿಗಳನ್ನು ನೋಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ನ ತಪಾಸಣೆ ಎಂದರೆ ಎಲ್ಲರೂ ನಡುಗುತ್ತಾರಂತೆ. ಅಲ್ಲಿಯ ಲೆಕ್ಕ ಬೇರೆಯೇ?

ಉತ್ತರ:

ಪುಸ್ತಕ ಬೇರೆ, ಲೆಕ್ಕ ಅದೇ. ಅಲ್ಲಿ ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಕಾನೂನಿನ ಬಲವಿರುವ ಒಂದು ಚೌಕಟ್ಟಿದೆ, ಅದರಲ್ಲಿ ಏಳು ಕಲಿಕಾ ಕ್ಷೇತ್ರಗಳು. ಮಾತು ಮತ್ತು ಭಾಷೆ, ದೇಹದ ಬೆಳವಣಿಗೆ, ಭಾವನೆ ಮತ್ತು ಒಡನಾಟ, ಈ ಮೂರು ಅಡಿಪಾಯ. ಓದುಬರಹ, ಗಣಿತ, ಸುತ್ತಲಿನ ಲೋಕ, ಕಲೆ, ಈ ನಾಲ್ಕು ಅದರ ಮೇಲೆ. ತಪ್ಪು ಭಯವೆಂದರೆ ಕಾಗದದ ಭಯ. ಯೋಜನೆ ಇಂಥದೇ ನಮೂನೆಯಲ್ಲಿರಬೇಕೆಂದು ಆಫ್‌ಸ್ಟೆಡ್ ಕೇಳುವುದಿಲ್ಲ. ತಪಾಸಕರು ನರ್ಸರಿಯ ಮುಖ್ಯಸ್ಥರೊಡನೆ ಕೋಣೆಯಿಂದ ಕೋಣೆಗೆ ನಡೆಯುತ್ತ, ಇಲ್ಲಿ ಮಕ್ಕಳು ಏನು ಕಲಿಯಲೆಂದು ಇದನ್ನು ಇಟ್ಟಿದ್ದೀರಿ ಎಂದು ಕೇಳುತ್ತಾರೆ. 2019ರ ಅವರ ತಪಾಸಣಾ ಚೌಕಟ್ಟು ಕೇಳಿದ್ದು ಉದ್ದೇಶ, ಅನುಷ್ಠಾನ, ಪರಿಣಾಮ. ಮೇಲೆ ಬಾಗಲಕೋಟೆಯ ತಂಗಿಗೆ ಹೇಳಿದ ಮೂರು ಪ್ರಶ್ನೆಗಳಿಂದ ಅದು ಬಹಳ ದೂರವಿಲ್ಲ. ತಾನು ನೋಡಿಕೊಳ್ಳುವ ಪ್ರತಿ ಮಗುವಿನ ಬಗ್ಗೆ ಈಗ ಏನು ಬರುತ್ತದೆ, ಮುಂದೆ ಏನು ಎಂದು ಬಾಯಲ್ಲಿ ಹೇಳುವುದನ್ನು ಮಗಳು ರೂಢಿ ಮಾಡಿಕೊಳ್ಳಲಿ.

ಪ್ರಶ್ನೆ (ನವನಗರದ ಶಿಕ್ಷಕಿ):

ಹಣ್ಣು, ಪ್ರಾಣಿಗಳ ಹಾಳೆ ತೆಗೆದುಹಾಕಿದೆ ಅಕ್ಕ. ಮಾರ್ಚ್‌ನ ಸಾಲುಗಳು ಇಲ್ಲಿಯವರೆಗೆ ಹನ್ನೊಂದು ಆಗಿವೆ. ಇನ್ನೇನಾದರೂ ಬಿಟ್ಟಿದ್ದೇನೆಯೇ?

ಉತ್ತರ:

ಹನ್ನೊಂದು ಒಳ್ಳೆಯ ಆರಂಭ. ಪಠ್ಯಕ್ರಮದ ಗದ್ದಲದಲ್ಲಿ ನಾನೇ ಒಂದನ್ನು ಮರೆತಿದ್ದೆ. ಖಾಸಗಿ ಶಿಶುಶಾಲೆಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕೊಟ್ಟ ಮಾರ್ಗಸೂಚಿಯಲ್ಲಿ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ ಇರಬೇಕು. 34 ಮಕ್ಕಳಿಗೆ ನೀವಿಬ್ಬರು ಸರಿ. ಆಯಾ ಇನ್ನೊಬ್ಬರು ಬೇಕು, ತಪಾಸಣೆಗೆ ಮೊದಲೇ ನೋಡಿಕೊಳ್ಳಿ.