ಕೂಲೆಂಟ್ ಸೆನ್ಸರ್: ಸುಮ್ನೆ ಬದಲಾಯಿಸೋದಾ, ಟೆಸ್ಟ್ ಮಾಡೋದಾ?

ಮೊದಲ ಕಾರು:
ಹಳೆಯ ಪೆಟ್ರೋಲ್ ಕಾರು. ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ನಾಲ್ಕೈದು ಸಲ ಸೆಲ್ಫ್ ಹೊಡೆಯಬೇಕು. ಆಮೇಲೆ ಪೆಟ್ರೋಲ್ ವಾಸನೆ, ಸೈಲೆನ್ಸರ್ ಬಾಯಲ್ಲಿ ಕಪ್ಪು ಮಸಿ. ರೇಡಿಯೇಟರ್ ಫ್ಯಾನ್ ಒಮ್ಮೊಮ್ಮೆ ಕಾರಣವಿಲ್ಲದೆ ಜೋರಾಗಿ ತಿರುಗುತ್ತದೆ. ಟೆಂಪರೇಚರ್ ಮುಳ್ಳು ಮಾತ್ರ ನಡುವೆಯೇ ನಿಂತಿರುತ್ತದೆ. ಚೆಕ್ ಇಂಜಿನ್ ಲೈಟ್ ಬಂದಿದೆ, ಕೋಡ್ ಪಿ0118. ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು, ಏನೂ ಆಗಲಿಲ್ಲ. ಈಗ ಥರ್ಮೋಸ್ಟಾಟ್ ಹಾಕೋಣ ಅಂತಿದ್ದಾರೆ. ಹಾಕಿಸಲಾ?

ಸ್ಪ್ಯಾನರ್:
ಹಾಕಿಸಿ. ಥರ್ಮೋಸ್ಟಾಟ್ ಅಂದರೆ ರೇಡಿಯೇಟರಿಗೆ ಕೂಲೆಂಟ್ ಬಿಡೋ ವಾಲ್ವ್, ಅದು ತೆರೆದೇ ನಿಂತರೆ ಇಂಜಿನ್ ಬಿಸಿಯಾಗುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ನಾನು ಇಂಥದ್ದು ಎಷ್ಟೋ ನೋಡಿದ್ದೇನೆ.

ವೈರ್ ಹುಡುಕುವವ:
ಅದಕ್ಕೆ ಬರೋ ಕೋಡೇ ಬೇರೆ ಸರ್, ಪಿ0128. ಪಿ0118 ಅಂದರೆ ಕೂಲೆಂಟ್ ಎಷ್ಟು ಬಿಸಿ ಅಂತ ಅಳೆಯೋ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಮಿತಿ ಮೀರಿದೆ ಅಂತ. ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಅದಕ್ಕೆ 5 ವೋಲ್ಟ್ ಕಳಿಸುತ್ತದೆ. ನೀರು ಬಿಸಿಯಾದಷ್ಟೂ ಸೆನ್ಸರಿನ ರೆಸಿಸ್ಟೆನ್ಸ್ ಇಳಿಯುತ್ತದೆ, ವೋಲ್ಟೇಜೂ ಇಳಿಯುತ್ತದೆ. ಎಲ್ಲೋ ಸಂಪರ್ಕ ಕಡಿದರೆ ವೋಲ್ಟೇಜ್ ಪೂರ್ತಿ ಮೇಲೇರುತ್ತದೆ, ಇಸಿಯು ಅದನ್ನ ಮೈನಸ್ 40 ಡಿಗ್ರಿ ಅಂತ ಓದಿಕೊಳ್ಳುತ್ತದೆ. ಕುದಿಯೋ ಇಂಜಿನ್ನಿಗೆ ಹಿಮದ ಚಳಿಯ ಲೆಕ್ಕದಲ್ಲಿ ಪೆಟ್ರೋಲ್ ಸುರಿದರೆ ಸ್ಟಾರ್ಟ್ ಹೇಗಾಗಬೇಕು? ಸೆನ್ಸರ್ ನಂಬೋ ಹಾಗಿಲ್ಲ ಅಂತ ಗೊತ್ತಾದ ಮೇಲೆ, ಇಂಜಿನ್ ಉಳಿಯಲಿ ಅಂತ ಫ್ಯಾನನ್ನೂ ಹಾಕಿಬಿಡುತ್ತದೆ.

ಸ್ಪ್ಯಾನರ್:
ಹಾಗಿದ್ದರೆ ಮುಳ್ಳು ನಡುವೆ ಯಾಕೆ ನಿಂತಿದೆ?

ವೈರ್ ಹುಡುಕುವವ:
ಕೆಲವು ಕಾರಲ್ಲಿ ಮುಳ್ಳಿಗೊಂದು, ಇಸಿಯುಗೊಂದು ಬೇರೆ ಬೇರೆ ಸೆನ್ಸರ್ ಇರುತ್ತದೆ. ಒಂದೇ ಇದ್ದರೂ ಮುಳ್ಳು ಸಣ್ಣಪುಟ್ಟ ಏರಿಳಿತ ತೋರಿಸೋದೇ ಇಲ್ಲ. ಮುಳ್ಳು ನೋಡಿ ತೀರ್ಪು ಕೊಡಬೇಡಿ, ಸ್ಕ್ಯಾನರ್ ಹಾಕಿ ಲೈವ್ ರೀಡಿಂಗ್ ನೋಡಿ.

ಭಾನುವಾರದ ಮೆಕ್ಯಾನಿಕ್:
ಇಷ್ಟೆಲ್ಲ ಯಾಕ್ರೀ? ಸಣ್ಣ ಸೆನ್ಸರ್, ಬಿಚ್ಚಿ ಹೊಸದು ಹಾಕಿದರೆ ಮುಗೀತು.

ವೈರ್ ಹುಡುಕುವವ:
ಹೊಸ ಸೆನ್ಸರ್ ಹಾಕಿಯೂ ಅದೇ ಕೋಡ್ ಬಂದು ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ. ನನ್ನ ಕಾರಲ್ಲಿ ಕನೆಕ್ಟರ್ ಒಳಗೆ ಒಂದು ಪಿನ್ ಹಸಿರು ಹಿಡಿದಿತ್ತು, ಅಷ್ಟೇ. ಮೊದಲು ಕನೆಕ್ಟರ್ ಕಳಚಿ ನೋಡಲಿ. ಸೆನ್ಸರಿಗೆ ಎರಡೇ ವೈರ್ ಇದ್ದರೆ, ಕನೆಕ್ಟರಿನ ಎರಡು ಪಿನ್ನಿಗೂ ಒಂದು ತುಂಡು ವೈರ್ ಮುಟ್ಟಿಸಿದಾಗ ರೀಡಿಂಗ್ ಮೈನಸ್ 40ರಿಂದ ನೂರರಾಚೆಗೆ ಹಾರಬೇಕು. ಹಾಗೇ ಹಿಡಿದುಕೊಂಡು ವೈರಿಂಗ್ ಅಲ್ಲಾಡಿಸಿ. ರೀಡಿಂಗ್ ಕದಲದಿದ್ದರೆ ವೈರ್ ಸರಿ, ತಪ್ಪು ಸೆನ್ಸರಿನದು. ಮೂರು ನಾಲ್ಕು ವೈರ್ ಇದ್ದರೆ ಡಯಾಗ್ರಾಂ ನೋಡದೆ ಇದನ್ನ ಮಾಡಬೇಡಿ.

ಮೊದಲ ಕಾರು:
ಎರಡು ದಿನ ಆಯಿತು, ಕ್ಷಮಿಸಿ. ಸ್ಕ್ಯಾನರ್ ಹಾಕಿಕೊಂಡು ಓಡಿಸಿದೆ. 84, 87, 88 ಅಂತ ನಿಧಾನವಾಗಿ ಏರುತ್ತಿತ್ತು. ಒಂದು ಹಂಪ್ ಹತ್ತಿ ಇಳಿದೆ, ಮೈನಸ್ 40! ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ 88. ನೀವು ಹೇಳಿದ ಹಾಗೆ ತುಂಡು ವೈರ್ ಮುಟ್ಟಿಸಿ ಎಷ್ಟು ಅಲ್ಲಾಡಿಸಿದರೂ ರೀಡಿಂಗ್ ಗಟ್ಟಿಯಾಗಿ ನಿಂತಿತು.

ಸ್ಪ್ಯಾನರ್:
ಸರಿ, ಥರ್ಮೋಸ್ಟಾಟ್ ಮಾತು ವಾಪಸ್. ಅಷ್ಟು ನೀರು ಒಂದು ಸೆಕೆಂಡಿನಲ್ಲಿ ಹಾಗೆ ತಣ್ಣಗಾಗೋದು ಸಾಧ್ಯವೇ ಇಲ್ಲ. ಆದರೂ ಸೆನ್ಸರ್ ಬಿಚ್ಚಿ ಒಂದು ಸಲ ಮೀಟರ್ ಹಿಡಿದು ರೆಸಿಸ್ಟೆನ್ಸ್ ನೋಡಿ. ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿಯಿದ್ದಾಗ ರೇಡಿಯೇಟರ್ ಕ್ಯಾಪ್ ಮುಟ್ಟಿದರೆ ಕೈ ಮುಖ ಬೆಂದುಹೋಗುತ್ತದೆ.

ಮೊದಲ ಕಾರು:
ಬಿಚ್ಚಿದೆ. ತಣ್ಣಗಿದ್ದಾಗ 2.4 ಕಿಲೋ ಓಮ್, ಸರಿಯಾಗೇ ಇತ್ತು. ಇಲ್ಲಿಗೇ ನಿಲ್ಲಿಸಿದ್ದರೆ ಮೋಸ ಹೋಗುತ್ತಿದ್ದೆ. ತುದಿ ಮಾತ್ರ ಮುಳುಗುವ ಹಾಗೆ ಬಿಸಿ ನೀರಲ್ಲಿ ಇಳಿಬಿಟ್ಟೆ. ಓಮ್ ಇಳಿಯುತ್ತಾ ಇಳಿಯುತ್ತಾ 400ರ ಹತ್ತಿರ ಬಂತು. ಅಷ್ಟರಲ್ಲಿ ಮೀಟರಿನಲ್ಲಿ ಓಎಲ್, ಅಂದರೆ ಒಳಗೆ ಸಂಪರ್ಕವೇ ಕಡಿದಿದೆ! ಬೆರಳಲ್ಲಿ ತಟ್ಟಿದರೆ ಸಂಖ್ಯೆ ಬರುತ್ತದೆ, ಬಿಟ್ಟರೆ ಹೋಗುತ್ತದೆ.

ಭಾನುವಾರದ ಮೆಕ್ಯಾನಿಕ್:
ಕೊನೆಗೆ ಸೆನ್ಸರೇ ತಾನೇ? ನಾನು ಮೊದಲೇ ಹೇಳಿರಲಿಲ್ವಾ!

ವೈರ್ ಹುಡುಕುವವ:
ಹೇಳಿದ್ರಿ, ಕಣ್ಣು ಮುಚ್ಚಿಕೊಂಡು ಹೇಳಿದ್ರಿ 😄 ಮೊದಲ ಕಾರು, ಓ ರಿಂಗ್ ಅಥವಾ ವಾಷರ್ ಹೊಸದೇ ಹಾಕಿ. ತುಂಬಾ ಬಲ ಹಾಕಿ ಬಿಗಿ ಮಾಡಬೇಡಿ, ಪ್ಲಾಸ್ಟಿಕ್ ಹೌಸಿಂಗ್ ಆಗಿದ್ದರೆ ಸೀಳುತ್ತದೆ. ಚೆಲ್ಲಿದಷ್ಟು ಕೂಲೆಂಟ್ ತುಂಬಿ ಗಾಳಿ ತೆಗೆಯಿರಿ. ಸೆನ್ಸರಿನ ಬಾಯಲ್ಲಿ ಗಾಳಿ ಗುಳ್ಳೆ ನಿಂತರೆ ಹೊಸದೂ ತಪ್ಪು ಲೆಕ್ಕ ಕೊಡುತ್ತದೆ. ಆಮೇಲೆ ಕೋಡ್ ಅಳಿಸಿ.

ಮೊದಲ ಕಾರು:
ಹಾಕಿ ಆಯಿತು. ಬಿಸಿಯಲ್ಲಿ ಮೂರು ಸಲ ಆಫ್ ಮಾಡಿ ನೋಡಿದೆ, ಮೂರೂ ಸಲ ಒಂದೇ ಸೆಲ್ಫ್. ಹಂಪಿಗೂ ರೀಡಿಂಗ್ ಕದಲಲಿಲ್ಲ.

ಸ್ಪ್ಯಾನರ್:
ಒಳ್ಳೇದಾಯ್ತು. ನಾಳೆ ಬೆಳಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಕೂಲೆಂಟ್ ಮಟ್ಟ ಇನ್ನೊಮ್ಮೆ ನೋಡಿ. ಗಾಳಿ ಬಿಟ್ಟ ಜಾಗಕ್ಕೆ ಸ್ವಲ್ಪ ಇಳಿದಿರುತ್ತದೆ.