ತಲೆಯಿಂದಲೇ ಬಾಗಿಲು ಮುಚ್ಚಿಸುವ ಕಣಜ: ಇದು ಮನಸ್ಸಿನ ನಿಯಂತ್ರಣವೇ?

ಮಾಲತಿ: ವಿಜ್ಞಾನಿಗಳು 2017ರಲ್ಲಿ ಹೆಸರಿಟ್ಟ ಯುಡೆರಸ್ ಸೆಟ್ ಎಂಬ ಪರಾವಲಂಬಿ ಕಣಜದ ಬಗ್ಗೆ ಓದಿದಾಗಿನಿಂದ ಅದೇ ಗುಂಗು. ಸಿಕ್ಕಿದ್ದು ಅಮೆರಿಕದ ಫ್ಲಾರಿಡಾದ ಓಕ್ ಮರಗಳಲ್ಲಿ. ಬ್ಯಾಸೆಟಿಯಾ ಪ್ಯಾಲಿಡಾ ಎಂಬ ಗಂಟುಕಣಜ (ಮರದಲ್ಲಿ ಗಂಟು ಎಬ್ಬಿಸಿ ಅದರೊಳಗೆ ಬೆಳೆಯುವ ಕಣಜ) ರೆಂಬೆಯೊಳಗಿನ ಪುಟ್ಟ ಗೂಡಿನಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ತೊಗಟೆ ಕೊರೆದು ಹಾರಿಹೋಗಬೇಕು. ಸೆಟ್ ತಗುಲಿದ್ದರೆ ಗಂಟುಕಣಜ ಕೊರೆಯುವ ತೂತು ಚಿಕ್ಕದಾಗುತ್ತದೆ, ತಲೆ ಅಲ್ಲೇ ಬಿರಡೆಯಂತೆ ಸಿಕ್ಕಿಕೊಳ್ಳುತ್ತದೆ. ಸೆಟ್ ಮರಿ ಅದರ ಒಡಲನ್ನು ತಿಂದು ಬೆಳೆದು, ಕಡೆಗೆ ಆ ತಲೆಯನ್ನೇ ಕೊರೆದು ಆಚೆ ಬರುತ್ತದೆ! ಇನ್ನೊಂದು ಜೀವಿಯ ಮನಸ್ಸನ್ನು ಆಳುವುದೆಂದರೆ ಇದೇ ಅಲ್ಲವೇ?

ಶ್ರೀನಿಧಿ: ಮನಸ್ಸಿನ ಮಾತು ಯಾಕೆ ಬಂತು ಮೇಡಂ? ಒಳಗಿನಿಂದ ಸವೆಯುತ್ತಿರುವ ಹುಳುವಿಗೆ ತೂತನ್ನು ಪೂರ್ತಿ ಅಗಲ ಮಾಡುವ ಕಸುವು ಉಳಿದಿರುವುದಿಲ್ಲ. ಅಷ್ಟರಿಂದಲೇ ತಲೆ ಸಿಕ್ಕಿಕೊಂಡಿರಬಹುದಲ್ಲ.

ಮಾಲತಿ: ಬರೀ ನಿತ್ರಾಣವಾಗಿದ್ದರೆ ಗೂಡಿನ ನಡುವೆಯೇ ಸಾಯಬಹುದಿತ್ತು. ಸಂಶೋಧಕರು ಸಿಕ್ಕಿಕೊಂಡ ತಲೆಗಳ ಮೇಲೆ ತೊಗಟೆಯ ಚೂರು ಮುಚ್ಚಿ ನೋಡಿದ್ದಾರೆ. ಹಾಗೆ ಮುಚ್ಚಿದಾಗ ಸೆಟ್ ಒಳಗೇ ಸಾಯುವ ಸಾಧ್ಯತೆ ಸುಮಾರು 3 ಪಟ್ಟು ಹೆಚ್ಚಿತು. ಅದಕ್ಕೆ ತೊಗಟೆ ಕೊರೆಯುವುದು ಬಲು ಕಷ್ಟ. ಬಾಗಿಲನ್ನು ಇನ್ನೊಬ್ಬರೇ ತೆಗೆದುಕೊಡಬೇಕು.

ಶ್ರೀನಿಧಿ: ಆ ಪ್ರಯೋಗವನ್ನು ಒಪ್ಪುತ್ತೇನೆ, ಸೊಗಸಾಗಿದೆ. ಆದರೆ ಅದರಿಂದ ತಿಳಿಯುವುದು ಸೆಟ್‌ಗೆ ಲಾಭ ಇದೆ ಎಂದು ಮಾತ್ರ. ಹೇಗೆ ಮಾಡಿಸುತ್ತದೆ ಎಂಬುದು ತಿಳಿಯಲಿಲ್ಲ.

ಇಮ್ರಾನ್: 2019ರ ಅಧ್ಯಯನವನ್ನೂ ಸೇರಿಸಿಕೊಳ್ಳಿ. ಸೆಟ್ ಕನಿಷ್ಠ 7 ಜಾತಿಯ ಗಂಟುಕಣಜಗಳಿಗೆ ಹೀಗೆ ಮಾಡುತ್ತದಂತೆ. ಮುಳ್ಳು, ನಾರಿನ ಹೊದಿಕೆ ಇಲ್ಲದ ಬೋಳು ಗಂಟುಗಳೇ ಹೆಚ್ಚಾಗಿ ಬಲಿ. ಒಂದೇ ಜಾತಿಗೆಂದು ಹದಗೊಳಿಸಿದ ವಿದ್ಯೆ ಇದಲ್ಲ ಎಂದಾಯಿತು. (ಅಂದಹಾಗೆ, ಅಣ್ಣ ಒಸೈರಿಸ್‌ನನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿದ ಈಜಿಪ್ಟಿನ ದೇವತೆ ಸೆಟ್‌ನ ಹೆಸರು ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪಿದೆ!)

ವನಜಾಕ್ಷಿ: ನೀವೆಲ್ಲ ಓಕ್ ಮರವನ್ನು ಮರೆತಿರಿ. ಗಂಟುಕಣಜವೇನು ಸಾಧುವೇ? ತನ್ನ ಮರಿಗೆ ಮನೆಯನ್ನೂ ಊಟವನ್ನೂ ಮರದ ಕೈಯಲ್ಲೇ ಮಾಡಿಸುತ್ತದೆ. ಅದನ್ನು ಯಾರೂ ಮರದ ಮನಸ್ಸನ್ನು ಆಳಿತು ಎನ್ನುವುದಿಲ್ಲ, ಬೆಳವಣಿಗೆಯ ದಿಕ್ಕು ತಿರುಗಿಸಿತು ಎನ್ನುತ್ತೇವೆ. ಸೆಟ್ ವಿಷಯದಲ್ಲೂ ವರ್ತನೆ ತಿರುಗಿಸಿತು ಎಂದರೆ ಸಾಕು.

ಮಾಲತಿ: ಮರದ ಮಾತು ನನಗೆ ಹೊಳೆದೇ ಇರಲಿಲ್ಲ ವನಜಾಕ್ಷಿಯವರೇ. 'ಮನಸ್ಸು' ಬಿಟ್ಟುಕೊಟ್ಟೆ. 'ನಿತ್ರಾಣ'ವನ್ನು ಮಾತ್ರ ಈಗಲೂ ಒಪ್ಪಲಾರೆ ಶ್ರೀನಿಧಿ. ಸಾಯುವ ಹುಳು ಬಾಗಿಲ ತನಕ ಬಂದೇ ಸಾಯುವುದು ಯಾಕೆ, ಅದಕ್ಕೆ ಉತ್ತರ ಹೇಳಿ.