ಹೊಲಿಗೆ ಬಿಚ್ಚಿಯಾಯಿತು, ಆದರೂ ಬೆರಳ ತುದಿ ಮಡಚುತ್ತಿಲ್ಲ. ಕಾಯಬಹುದಾ?

ಪ್ರಶ್ನೆ (ಶಿರಸಿ ಕಡೆಯ ಸದಸ್ಯೆ): ನಮಸ್ತೆ ಮೇಡಂ. ನಮ್ಮ ಅತ್ತೆ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿ ಎಡಗೈ ತೋರುಬೆರಳು ಕೊಯ್ದುಕೊಂಡರು. ಗಾಯ ಒಳಬದಿಗೆ, ಬೆರಳಿನ ಬುಡದ ಹತ್ತಿರ. ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿದರು. ಹತ್ತು ದಿನ ಆಯಿತು, ಗಾಯ ಒಣಗಿದೆ. ನಡುವಿನ ಗೆಣ್ಣು ಮಡಚುತ್ತದೆ, ತುದಿ ಮಾತ್ರ ಮಡಚಲು ಬರುತ್ತಿಲ್ಲ. ಬಾವು ಇಳಿದರೆ ಸರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಎಣ್ಣೆ ಹಚ್ಚಿ ತಿಕ್ಕುತ್ತಿದ್ದಾರೆ.

ಉತ್ತರ (ಕೈ ಶಸ್ತ್ರಚಿಕಿತ್ಸೆಯ ವೈದ್ಯೆ): ಕಾಯಬೇಡಿ. ತಿಕ್ಕುವುದನ್ನು ಇವತ್ತೇ ನಿಲ್ಲಿಸಿ.

ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿಂದ ಹೆಬ್ಬೆರಳು ಬಿಟ್ಟು ಪ್ರತಿ ಬೆರಳಿಗೂ ಎರಡೆರಡು ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಹಗ್ಗದಂಥ ಗಟ್ಟಿ ಎಳೆ) ಬರುತ್ತವೆ, ಸೈಕಲ್ ಬ್ರೇಕಿನ ವೈರಿನ ಹಾಗೆ ಒಂದು ಕೊಳವೆಯೊಳಗೆ ಜಾರುತ್ತವೆ. ಒಂದು ನಡುಗೆಣ್ಣನ್ನು ಮಡಚುತ್ತದೆ, ಇನ್ನೊಂದು ತುದಿಯನ್ನು. ನಿಮ್ಮ ಅತ್ತೆಗೆ ಈ ಎರಡನೆಯದು ತುಂಡಾಗಿರುವ ಸಾಧ್ಯತೆಯೇ ಜಾಸ್ತಿ. ತುಂಡಾದ ಮೇಲೆ ಸ್ನಾಯು ಮೇಲಿನ ತುದಿಯನ್ನು ಅಂಗೈ ಕಡೆಗೆ ಎಳೆದುಕೊಳ್ಳುತ್ತದೆ. ಎರಡು ತುದಿಗಳ ನಡುವೆ ಅಂತರ ಬೀಳುತ್ತದೆ, ತಾನಾಗಿ ಕೂಡುವುದಿಲ್ಲ. ಮೇಲಿನ ಚರ್ಮ ಒಣಗಿತು ಅಂದ ಮಾತ್ರಕ್ಕೆ ಒಳಗೂ ಸರಿಯಾಯಿತು ಎಂದಲ್ಲ.

ಇನ್ನೂ ಸಮಯವಿದೆ. ಮೊದಲ ವಾರದಲ್ಲೇ ಹೊಲಿಯುವುದು ಒಳ್ಳೆಯದು, ಎರಡು ವಾರದ ಹೊತ್ತಿಗೂ ಸಾಮಾನ್ಯವಾಗಿ ನೇರವಾಗಿ ಹೊಲಿಯಲು ಆಗುತ್ತದೆ. ಮೂರು ನಾಲ್ಕು ವಾರ ದಾಟಿದರೆ ಸ್ನಾಯು ಗಿಡ್ಡವಾಗುತ್ತದೆ, ಕೊಳವೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಬೇರೆ ಕಡೆಯಿಂದ ಟೆಂಡನ್ ತಂದು ಕಸಿ ಮಾಡಬೇಕಾಗಬಹುದು. ಕೆಲವರಿಗೆ ತಿಂಗಳುಗಳ ಅಂತರದಲ್ಲಿ ಎರಡು ಆಪರೇಷನ್ ಬೇಕಾಗುತ್ತದೆ. ಹೊಲಿಗೆ ಹಾಕುವ ದಿನವೇ ಒಂದೊಂದು ಗೆಣ್ಣನ್ನೂ ಬೇರೆಬೇರೆಯಾಗಿ ಮಡಚಿಸಿ ನೋಡಿದ್ದರೆ ಇದು ಆಗಲೇ ಗೊತ್ತಾಗುತ್ತಿತ್ತು. ನನಗೆ ಬೇಸರವಾಗುವುದು ಅದಕ್ಕೇ.

ಬೆರಳ ತುದಿಯ ಎರಡೂ ಬದಿ ಮುಟ್ಟಿದರೆ ಅವರಿಗೆ ಗೊತ್ತಾಗುತ್ತದಾ? ಜೋಮು ಇದ್ದರೆ ಪಕ್ಕದ ನರಕ್ಕೂ ಪೆಟ್ಟಾಗಿರಬಹುದು.

ಪ್ರಶ್ನೆ: ಒಂದು ಬದಿ ಜೋಮು ಇದೆಯಂತೆ ಮೇಡಂ. ಆಪರೇಷನ್ ಆದ ಮೇಲೆ ಪ್ಲಾಸ್ಟರ್ ಹಾಕಿ ಸುಮ್ನೆ ಇರಬೇಕಾ?

ಉತ್ತರ: ಹಾಗಾದರೆ ನರವನ್ನೂ ಅದೇ ಆಪರೇಷನ್‌ನಲ್ಲಿ ನೋಡುತ್ತಾರೆ, ಈ ಮಾತನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಸುಮ್ನೆ ಇರುವ ಹಾಗಿಲ್ಲ. ಅಲ್ಲಾಡಿಸದೇ ಬಿಟ್ಟರೆ ಟೆಂಡನ್ ಕೊಳವೆಗೆ ಅಂಟಿಕೊಳ್ಳುತ್ತದೆ, ಬೆರಳು ಬಿಗಿಯಾಗುತ್ತದೆ. ಅತ್ತೆಗೆ ಗಾಯವಾದ ಜಾಗ ಈ ವಿಷಯದಲ್ಲಿ ಬಹಳ ಕಷ್ಟದ್ದು. ಹಿಂದೆ ಸರ್ಜನ್‌ಗಳು ಅಲ್ಲಿ ತಕ್ಷಣ ಹೊಲಿಯಲು ಹಿಂಜರಿಯುತ್ತಿದ್ದರು. 1960ರ ದಶಕದಿಂದ ಅದು ಬದಲಾಯಿತು.

ಈಗ ಕೈ ಹಿಂಬದಿಗೆ ಸ್ಪ್ಲಿಂಟ್, ಅಂದರೆ ಆಧಾರದ ಪಟ್ಟಿ, ಹಾಕುತ್ತಾರೆ. ಸಾಮಾನ್ಯವಾಗಿ ಮೂರರಿಂದ ಐದು ದಿನಕ್ಕೇ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹಾಗೆ ಬೆರಳು ಆಡಿಸಲು ಶುರು. ಅವರು ಹೇಳಿದಷ್ಟೇ, ಹೆಚ್ಚೂ ಬೇಡ ಕಡಿಮೆಯೂ ಬೇಡ. ಸ್ಪ್ಲಿಂಟ್ ಸುಮಾರು 6 ವಾರ. ಭಾರದ ಕೆಲಸ 12 ವಾರದವರೆಗೆ ಬೇಡ. ಮೂರನೇ ವಾರಕ್ಕೆ ನೋವು ಹೋಗಿರುತ್ತದೆ, ಒಳಗಿನ ಹೊಲಿಗೆ ಮಾತ್ರ ಇನ್ನೂ ಗಟ್ಟಿಯಾಗಿರುವುದಿಲ್ಲ. ಸ್ಪ್ಲಿಂಟ್ ಬಿಚ್ಚಿ ಒಂದು ಕೊಡ ನೀರು ಎತ್ತಿದರೂ ಕಿತ್ತುಹೋಗಬಹುದು. ಸುಲಿಯುವ ಕೆಲಸ ಈ ಸಲ ಬೇರೆಯವರು ಮಾಡಲಿ. ಅವರು ಕೇಳುವುದಿಲ್ಲ ಅಂತ ಗೊತ್ತು, ಆದರೂ ನೀವು ಬಿಡಬೇಡಿ.

ಇನ್ನೊಬ್ಬ ಸದಸ್ಯರು: ನನ್ನ ಮಗನಿಗೆ ಕ್ರಿಕೆಟ್ ಬಾಲ್ ಬಡಿದು ಬೆರಳ ತುದಿ ಕೆಳಗೆ ಬಾಗಿದೆ. ಗಾಯ ಇಲ್ಲ. ಅದೂ ಇದೇನಾ?

ಉತ್ತರ: ಅದು ಹಿಂಬದಿಯ ಟೆಂಡನ್, ತುದಿಯನ್ನು ನೇರ ಮಾಡುವುದು. ಮೂಳೆಯ ಚೂರು ಕಿತ್ತಿದೆಯಾ ಅಂತ ಒಂದು ಎಕ್ಸ್‌ರೇ ಮಾಡಿಸಿ. ಬಹಳಷ್ಟು ಜನರಿಗೆ ಆಪರೇಷನ್ ಬೇಕಾಗುವುದಿಲ್ಲ. ತುದಿಯ ಗೆಣ್ಣನ್ನು ಮಾತ್ರ ನೇರ ಇಡುವ ಸ್ಪ್ಲಿಂಟ್ ಸಾಕು, 6ರಿಂದ 8 ವಾರ, ಹಗಲೂ ರಾತ್ರಿಯೂ. ತೊಳೆಯಲು ತೆಗೆದಾಗಲೂ ಬೆರಳನ್ನು ಮೇಜಿನ ಮೇಲೆ ನೇರ ಇಟ್ಟುಕೊಳ್ಳಲಿ. ಒಮ್ಮೆ ಬಾಗಿದರೂ ವಾರಗಳ ಲೆಕ್ಕ ಮೊದಲಿಂದ.

ಪ್ರಶ್ನೆ (ಶಿರಸಿ): ನಾಳೆ ಬೆಳಗ್ಗೆಯೇ ಹುಬ್ಬಳ್ಳಿಗೆ ಹೊರಡುತ್ತೇವೆ ಮೇಡಂ. ಯಾರನ್ನು ಕೇಳಬೇಕು?

ಉತ್ತರ: ಕೈ ಆಪರೇಷನ್ ಮಾಡುವ ಪ್ಲಾಸ್ಟಿಕ್ ಸರ್ಜನ್ ಅಥವಾ ಮೂಳೆ ಡಾಕ್ಟರ್ ಇದ್ದಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಆಮೇಲೆ ಫಿಸಿಯೋಥೆರಪಿ ಅಲ್ಲೇ ಸಿಗುತ್ತದಾ ಅಂತಲೂ ಕೇಳಿ. ಕ್ಲಿನಿಕ್ಕಿನ ಚೀಟಿ, ಅತ್ತೆ ತೆಗೆದುಕೊಳ್ಳುವ ಬಿಪಿ, ಶುಗರ್ ಮಾತ್ರೆಗಳು ಜೊತೆಗಿರಲಿ. ದಾರಿಯಲ್ಲಿ ಬೆರಳನ್ನು ಮಡಚಿಸಿ ಪರೀಕ್ಷೆ ಮಾಡಲು ಹೋಗಬೇಡಿ.